"ಅದರ ಒಳಗೆ ಎಂತ ಉಂಟು ಟೀಚರ್?"

ನಿನ್ನೆ ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ವಾಚನಾಲಯದಲ್ಲಿ ಕನ್ನಡ ಮಾಧ್ಯಮದ ಹತ್ತನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ರಸಪ್ರಶ್ನೆ ಇತ್ತು. ತಂಗಿಯ ಮಗನನ್ನು ಬಿಡಲಿಕ್ಕೆ ಹೋದವಳು ಹಿಂದಿನ ಬೆಂಚಿನಲ್ಲಿ ಕೂತೆ. "ಶ್ವಾಸನಾಳದ ಒಳಗೆ ಧೂಳನ್ನು ಹೊರಗೆ ತಳ್ಳುವ ಕೂದಲಿನಂತಹ ರಚನೆ ಯಾವುದು?" "ಲೋಮಾಂಗ! ಸಿಲಿಯಾ!" ಹತ್ತು ಅಂಕ, ಚಪ್ಪಾಳೆ. ಅಷ್ಟರಲ್ಲಿ ಮೂರನೇ ಸಾಲಿನಿಂದ ಒಂದು ಹುಡುಗಿ ಎದ್ದು ನಿಂತಳು. "ಅದರ ಒಳಗೆ ಎಂತ ಉಂಟು ಟೀಚರ್?"

"ಅದು ಪರೀಕ್ಷೆಗೆ ಬರುದಿಲ್ಲ. ಕೂದಲಿನ ಹಾಗೆ ಅಂತ ನೆನಪಿಟ್ಟುಕೊಂಡ್ರೆ ಸಾಕು."

ಹುಡುಗಿ ಕೂತಳು. ನನಗೆ ಕೂತಲ್ಲೇ ಮೈ ಉರಿಯಿತು. ರಾತ್ರಿಯೂ ನಿದ್ದೆ ಹತ್ತಲಿಲ್ಲ, ಅದಕ್ಕೇ ಈ ಉದ್ದದ ಬರಹ.

ನನ್ನ ಜಗಳ ಆ ಟೀಚರ ಹತ್ತಿರ ಅಲ್ಲ, ಆ ಒಂದು ಶಬ್ದದ ಹತ್ತಿರ. ಕೂದಲು! ಚರ್ಮದಿಂದ ಹೊರಗೆ ಬಂದ ಕೂದಲು ಸತ್ತ ವಸ್ತು. ಕತ್ತರಿಸಿದರೆ ನೋವಿಲ್ಲ, ಒಳಗೆ ಏನೂ ನಡೆಯುವುದಿಲ್ಲ. ಲೋಮಾಂಗ ಜೀವಂತ. ಕೋಶದ ಪೊರೆಯೇ ಅದರ ಮೇಲೆ ಹೊದಿಕೆಯಾಗಿ ಬಂದಿರುತ್ತದೆ. ಒಳಗೆ ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಕಟ್ಟಿದ ಒಂಬತ್ತು ಜೋಡಿ ನಳಿಗೆಗಳು ವೃತ್ತಾಕಾರವಾಗಿ ನಿಂತಿವೆ. ಶ್ವಾಸನಾಳದಲ್ಲಿ ಬಡಿಯುವಂಥವುಗಳಲ್ಲಿ ನಡುವೆ ಇನ್ನೆರಡು. ಪ್ರತಿ ಜೋಡಿಯಲ್ಲಿ ಒಂದು ನಳಿಗೆ 13 ಎಳೆಗಳ ಪೂರ್ಣ ವೃತ್ತ, ಇನ್ನೊಂದು 10 ಎಳೆಗಳದ್ದು, ಮೊದಲಿನದರ ಗೋಡೆಗೇ ಅಂಟಿಕೊಂಡದ್ದು. ಒಂದು ಜೋಡಿಯಿಂದ ಹೊರಟ ಡೈನೀನ್ ಎಂಬ ಪ್ರೋಟೀನಿನ ಕೈಗಳು ಪಕ್ಕದ ಜೋಡಿಯನ್ನು ಹಿಡಿದು ಎಳೆಯುತ್ತವೆ. ಜೋಡಿಗಳನ್ನು ಒಂದಕ್ಕೊಂದು ಕಟ್ಟಿಹಾಕಿರುವುದರಿಂದ ಅವು ಜಾರಿ ಹೋಗಲಾರವು. ಆಗ ಇಡೀ ಕಡ್ಡಿ ಬಾಗುತ್ತದೆ. ನಮ್ಮ ಶ್ವಾಸನಾಳದ ಒಂದೊಂದು ಕೋಶದ ಮೇಲೆ ಇಂಥವು ಸುಮಾರು 200, ಸೆಕೆಂಡಿಗೆ ಹತ್ತು ಹದಿನೈದು ಸಲ ಬಡಿಯುತ್ತವೆ. ಈ ಬರಹ ಓದುವಾಗಲೂ ಬಡಿಯುತ್ತಿವೆ. ಇದಕ್ಕೆ ಕೂದಲು ಅನ್ನುವುದೇ?

ನನ್ನ ತಮ್ಮನ ವಿಷಯ ಇಲ್ಲಿ ಹಲವರಿಗೆ ಗೊತ್ತುಂಟು. ಹುಟ್ಟಿದ ವಾರದಿಂದಲೇ ಕೆಮ್ಮು, ವರ್ಷವಿಡೀ ಮೂಗು ಕಟ್ಟಿದ್ದೇ. ಬೆಳಿಗ್ಗೆ ಅವನನ್ನು ಮಂಚದ ಅಂಚಿನಲ್ಲಿ ತಲೆ ಕೆಳಗೆ ಮಾಡಿ ಮಲಗಿಸಿ, ಅಮ್ಮ ಅಂಗೈಯನ್ನು ಬೊಗಸೆಯಂತೆ ಮಾಡಿ ಬೆನ್ನು ತಟ್ಟುತ್ತಿದ್ದರು. ಸಾವಿರ ಲಕ್ಷ ಲೋಮಾಂಗಗಳು ಮಾಡಬೇಕಾದ ಕೆಲಸವನ್ನು ಅಮ್ಮನ ಒಂದು ಕೈ ಮಾಡುತ್ತಿತ್ತು. ದಮ್ಮು ಅಂದರು, ಮತ್ತೆ ಕ್ಷಯ ಅಂದರು. 1991ರಲ್ಲಿ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಹೃದಯ ಬಲಗಡೆ ಕಂಡಿತು. ಫಿಲ್ಮ್ ತಿರುವುಮುರುವಾಗಿದೆ ಅಂತ ಮಗುಚಿ ಇಟ್ಟು ನೋಡಿದರು! ಅವನ ಹೃದಯ ಇದ್ದದ್ದೇ ಬಲಗಡೆ. ಎದೆಯ ಬಲಕ್ಕೆ ಸ್ಟೆತಸ್ಕೋಪ್ ಇಟ್ಟ ಒಬ್ಬ ಡಾಕ್ಟರು ಸಿಗಲಿಕ್ಕೆ ಇನ್ನೂ ಆರು ವರ್ಷ ಬೇಕಾಯಿತು.

ಸ್ವೀಡನ್ನಿನ ವಿಜ್ಞಾನಿ ಬ್ಯೋರ್ನ್ ಅಫ್ಜೆಲಿಯಸ್ ಇದನ್ನು 1976ರಲ್ಲೇ ಬರೆದಿಟ್ಟಿದ್ದರು. ಇಂಥ ರೋಗಿಗಳ ಲೋಮಾಂಗಗಳಲ್ಲಿ ಡೈನೀನ್ ಕೈಗಳು ಇಲ್ಲ, ಆದ್ದರಿಂದ ಬಡಿತ ಇಲ್ಲ, ಕಫ ಮೇಲೆ ಬರುವುದಿಲ್ಲ ಅಂತ. ಹದಿನೈದು ವರ್ಷದ ನಂತರವೂ ಆ ಮಾತು ನಮ್ಮ ಎಕ್ಸ್‌ರೇ ಕೋಣೆಗೆ ಬಂದಿರಲಿಲ್ಲ. ಫಿಲ್ಮ್ ಮಗುಚಿದವರೂ ಯಾವುದೋ ಕ್ಲಾಸಿನಲ್ಲಿ 'ಕೂದಲಿನಂತಹ ರಚನೆ' ಅಂತ ಬರೆದು ಅಂಕ ತೆಗೆದವರೇ ಇರಬೇಕು. ಕೂದಲು ಕೆಟ್ಟರೆ ಹೃದಯ ಬಲಗಡೆಗೆ ಹೋಗುತ್ತದೆ ಅಂತ ಯಾರಿಗಾದರೂ ಹೊಳೆಯುವುದುಂಟಾ?

ಹೃದಯದ ಕಥೆ ಲೋಮಾಂಗದ ಒಳಗಿನ ಸಾಗಾಟಕ್ಕೂ ಸೇರಿದ್ದು. ಲೋಮಾಂಗದ ಒಳಗೆ ಪ್ರೋಟೀನು ತಯಾರಾಗುವುದಿಲ್ಲ. ಪ್ರತಿಯೊಂದು ಇಟ್ಟಿಗೆಯೂ ಬುಡದಿಂದ, ಕೋಶದಿಂದಲೇ ಹೋಗಬೇಕು. ಕಟ್ಟುವ ಕೆಲಸವೋ ತುದಿಯಲ್ಲಿ. ಕೆರೆ ನೀರಲ್ಲಿ, ಒದ್ದೆ ಮಣ್ಣಲ್ಲಿ ಬದುಕುವ ಕ್ಲಾಮಿಡೊಮೊನಾಸ್ ಎಂಬ ಏಕಕೋಶದ ಹಸಿರು ಪಾಚಿಗೆ ಎರಡು ಬಾಲಗಳಿವೆ, ಒಳಗಿನ ರಚನೆಯಲ್ಲಿ ಅವೂ ಲೋಮಾಂಗಗಳೇ. 1993ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜೋಯೆಲ್ ರೋಸೆನ್‌ಬಾಮ್ ಅವರ ಲ್ಯಾಬಿನ ಕೀತ್ ಕೋಜ್ಮಿನ್‌ಸ್ಕಿ, ಅಲುಗಾಡದ ಒಂದು ತಳಿಯ ಬಾಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಪೊರೆಯ ಕೆಳಗೆ ಕಾಳುಗಳಂಥವು ಓಡುವುದು ಕಂಡಿತು. ತುದಿಯ ಕಡೆಗೆ ಸೆಕೆಂಡಿಗೆ ಸುಮಾರು 2 ಮೈಕ್ರೋಮೀಟರ್, ವಾಪಸು ಸುಮಾರು 3.5. ಲೇವೆನ್‌ಹುಕ್ 1670ರ ದಶಕದಲ್ಲೇ ಸೂಕ್ಷ್ಮದರ್ಶಕದಲ್ಲಿ ಲೋಮಾಂಗ ಕಂಡ ಹಾಲೆಂಡಿನವರು. ಒಳಗೆ ಓಡಾಟ ಉಂಟು ಅಂತ ಕಾಣಲಿಕ್ಕೆ ಮುನ್ನೂರು ವರ್ಷದ ಮೇಲೆ ಹಿಡಿಯಿತು. ಅದೇ 1993ರಲ್ಲಿ ನನ್ನ ತಮ್ಮ ದಮ್ಮಿನ ಮದ್ದು ಕುಡಿಯುತ್ತಿದ್ದ.

ಆ ಕಾಳುಗಳನ್ನು ವಿಜ್ಞಾನಿಗಳೇ ಟ್ರೈನು ಅನ್ನುತ್ತಾರೆ. ತುದಿಗೆ ಎಳೆಯುವುದು ಕೈನೆಸಿನ್ ಎಂಬ ಪ್ರೋಟೀನು, ವಾಪಸು ತರುವುದು ಇನ್ನೊಂದು ಜಾತಿಯ ಡೈನೀನ್. ಈ ವಾಪಸಿನ ಡೈನೀನ್ ಹೋಗುವಾಗ ತಾನೂ ಸಾಮಾನಿನ ಜೊತೆ ಮಡಚಿ ಕೂತು ತುದಿಗೆ ಹೋಗುತ್ತದೆ, ಅಲ್ಲಿ ಎಚ್ಚರಾಗಿ ಎಳೆಯಲಿಕ್ಕೆ ಸುರು ಮಾಡುತ್ತದೆ. ಹೋಗುವ ಟ್ರೈನು ಜೋಡಿಯ 10 ಎಳೆಯ ನಳಿಗೆಯ ಮೇಲೆ, ಬರುವ ಟ್ರೈನು 13 ಎಳೆಯದ್ದರ ಮೇಲೆ. 2016ರಲ್ಲಿ ಇದೂ ಕಂಡಿತು. ಹಾಗಾಗಿ ಡಿಕ್ಕಿ ಇಲ್ಲ. ಒಂದೇ ಹಳಿ ಇದ್ದ ಕಾಲದಲ್ಲಿ ಮಂಗಳೂರಿನ ಟ್ರೈನಲ್ಲಿ ಕೂತು ಕ್ರಾಸಿಂಗಿಗೆ ಕಾದ ನಮ್ಮೂರಿನವರಿಗೆ ಇದರ ಬೆಲೆ ಬೇರೆ ಹೇಳಬೇಕಾ?

ಈ ಕೈನೆಸಿನ್ನಿನ ಒಂದು ಭಾಗವನ್ನು ಜಪಾನಿನ ನೊಬುತಾಕ ಹಿರೊಕಾವ ಅವರ ತಂಡ ಇಲಿಗಳಲ್ಲಿ ಇಲ್ಲವಾಗಿಸಿದ್ದು 1998ರಲ್ಲಿ. ಭ್ರೂಣದ ಒಂದು ಚಿಕ್ಕ ಗುಳಿಯಲ್ಲಿ ಲೋಮಾಂಗಗಳು ಸುತ್ತುತ್ತಾ ದ್ರವವನ್ನು ಎಡಕ್ಕೆ ಹರಿಸುತ್ತವೆ, ಎಡ ಯಾವುದು ಬಲ ಯಾವುದು ಅಂತ ದೇಹಕ್ಕೆ ಗೊತ್ತಾಗುವುದು ಅದರಿಂದ. ಟ್ರೈನು ಎಳೆಯುವವನು ಇಲ್ಲದೆ ಆ ಲೋಮಾಂಗಗಳೇ ಬೆಳೆಯಲಿಲ್ಲ. ಹೃದಯ ಯಾವ ಕಡೆ ಎನ್ನುವುದು ಅದೃಷ್ಟಕ್ಕೆ ಬಿಟ್ಟದ್ದಾಯಿತು. ನನ್ನ ತಮ್ಮನಲ್ಲಿ ಲೋಮಾಂಗ ಬೆಳೆದಿತ್ತು, ಬಡಿಯಲಿಲ್ಲ. ಆದರೂ ಆ ಗುಳಿಯಲ್ಲಿ ಆದದ್ದು ಒಂದೇ. ಅವನಂಥವರಲ್ಲಿ ಸುಮಾರು ಅರ್ಧ ಜನಕ್ಕೆ ಹೃದಯ ಬಲಗಡೆ. ಇದನ್ನು ಮೊದಲ ಸಲ ಓದಿದ ದಿನ ನಾನು ಕಾಲೇಜಿನ ಲೈಬ್ರರಿಯಲ್ಲಿ ಅತ್ತಿದ್ದೇನೆ.

ಹೆಸರೇ ಹಾಗಲ್ಲವಾ, ಲ್ಯಾಟಿನ್ನಿನಲ್ಲಿ ಸಿಲಿಯಂ ಅಂದರೆ ರೆಪ್ಪೆಗೂದಲು, ಕನ್ನಡದಲ್ಲೂ ಲೋಮ ಅಂದರೆ ರೋಮವೇ ಅಂತ ಯಾರಾದರೂ ಹೇಳಬಹುದು. ಹೆಸರು ಇಟ್ಟವರು ಹೊರಗಿನಿಂದ ಮಾತ್ರ ನೋಡಿದ್ದರು, ನಾವು ಒಳಗೆ ನೋಡಿ ಆಗಿದೆ. ಹೈಸ್ಕೂಲಿನ ಮಕ್ಕಳಿಗೆ ಇಷ್ಟೆಲ್ಲ ಭಾರ ಯಾಕೆ ಅಂತಲೂ ಕೇಳುತ್ತಾರೆ. ಭಾರ ಆಗುವುದು ಅರ್ಥವಾಗದ ಒಂದು ಗೆರೆಯನ್ನು ಬಾಯಿಪಾಠ ಮಾಡಿಸುವುದು. ಒಪ್ಪಿಕೊಳ್ಳುತ್ತೇನೆ, ನಾನೂ ಎಷ್ಟೋ ವರ್ಷ ಅದೇ ಗೆರೆಯನ್ನು ನೋಟ್ಸಿನಲ್ಲಿ ಬರೆಸಿದ್ದೇನೆ. ಮನೆಯಲ್ಲಿ ತಮ್ಮನನ್ನು ಇಟ್ಟುಕೊಂಡು ಬರೆಸಿದ್ದೇನೆ. ನಿನ್ನೆಯ ಸಿಟ್ಟಿನಲ್ಲಿ ಅದರ ಪಾಲೂ ಉಂಟು.

ರಸಪ್ರಶ್ನೆ ಮುಗಿದ ಮೇಲೆ ಆ ಹುಡುಗಿಯನ್ನು ಚಾವಡಿಗೆ ಕರೆದು ಕಾವಿ ನೆಲದ ಮೇಲೆ ಚಾಕ್ ಪೀಸಿನಲ್ಲಿ ಚಿತ್ರ ಬಿಡಿಸಿದೆ. ಕ್ಲಾಮಿಡೊಮೊನಾಸಿನ ಬಾಲದ ಅಗಲ ಕಾಲು ಮೈಕ್ರೋಮೀಟರ್, ಉದ್ದ ಸುಮಾರು ಹತ್ತು. ನೀರಿಗಾಗಿ ಅಡ್ಡಕ್ಕೆ ತೋಡಿದ ನಮ್ಮ ಗುಡ್ಡದ ಸುರಂಗ ಎರಡೂವರೆ ಅಡಿ ಅಗಲ ಇದ್ದರೆ ನೂರು ಅಡಿ ಒಳಗೆ ಹೋದ ಹಾಗೆ, ಅಂದೆ. ಅವಳ ಮುಖ ಅರಳಿತು. "ನಮ್ಮ ಅಜ್ಜ ಸುರಂಗ ತೆಗೀತಿದ್ರು. ಒಬ್ರು ಒಳಗೆ ಅಗಿಯುದು, ಒಬ್ರು ಮಣ್ಣು ಹೊರಗೆ ತರುದು. ತರುವವರು ಬಾರದಿದ್ರೆ ಮಣ್ಣು ಅಲ್ಲಿಯೇ ತುಂಬ್ತದೆ. ಇದರಲ್ಲಿಯೂ ವಾಪಸು ಬರುವ ಟ್ರೈನು ಹಾಳಾದ್ರೆ ತುದಿಯಲ್ಲಿ ತುಂಬ್ತದಾ?"

ನನ್ನ ಕೈಯಲ್ಲಿದ್ದ ಚಾಕ್ ಪೀಸು ಅಲ್ಲಿಯೇ ನಿಂತಿತು. ತುಂಬುತ್ತದೆ. ವಾಪಸಿನ ಡೈನೀನ್ ಕೆಟ್ಟ ತಳಿಗಳಲ್ಲಿ ಬಾಲ ಗಿಡ್ಡ, ಒಳಗೆಲ್ಲ ಟ್ರೈನುಗಳು ರಾಶಿ ಬಿದ್ದು ಊದಿಕೊಂಡಿರುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಕಾಣುವುದನ್ನು ಆ ಮಗು ಅಜ್ಜನ ಬುಟ್ಟಿಯಿಂದ ಹೇಳಿತು. ಅವಳಿಗೆ 'ಪರೀಕ್ಷೆಗೆ ಬರುದಿಲ್ಲ' ಅಂದದ್ದು!

ಬರುವ ಭಾನುವಾರ ಮಧ್ಯಾಹ್ನ ಮೂರಕ್ಕೆ ಅದೇ ಚಾವಡಿಯಲ್ಲಿ ಕೂರುತ್ತೇನೆ, ಕೇಳಿ ಆಗಿದೆ. ಕಿಡ್ನಿಯ ಲೋಮಾಂಗದ ವಿಷಯ ಬಾಕಿ ಉಂಟು, ಕಣ್ಣಿನದ್ದೂ ಉಂಟು. ಹತ್ತಿರದಲ್ಲಿರುವವರು ಮಕ್ಕಳನ್ನು ಕಳಿಸಿ. ತಮ್ಮನೂ ಬರುತ್ತಾನೆ, 1991ರ ಆ ಎಕ್ಸ್‌ರೇ ಹಿಡಿದುಕೊಂಡು.