ಎಲ್ಲಾ ಇದೆ, ಹರಿತ ಒಂದು ಬಿಟ್ಟು

ಅಮೆರಿಕದಲ್ಲಿ 200-250 ಡಾಲರ್ ಕೊಟ್ಟರೆ ಜೇಬಿಗೆ ಹಾಕಿಕೊಳ್ಳುವ ಒಂದು ಭಾರಿ ಮಡಚುವ ಚಾಕು ಸಿಗುತ್ತದೆ. ನಮ್ಮ ದುಡ್ಡಿನಲ್ಲಿ ಹೆಚ್ಚುಕಮ್ಮಿ 20,000 ರೂಪಾಯಿ. ಅಷ್ಟು ದುಡ್ಡಿಗೆ ಏನೇನು ಬರುತ್ತದೆ ಅಂತ ಕೇಳಿ. ಟೈಟಾನಿಯಂ ಹಿಡಿ. ಬೇರಿಂಗ್ ಮೇಲೆ ಜಾರುವ ಅಲಗು. ಜೇಬಿಗೆ ಸಿಕ್ಕಿಸಲು ಕ್ಲಿಪ್. ಪೆಟ್ಟಿಗೆಯೊಳಗೆ ಜಿಪ್ ಇರುವ ಚೀಲ, ಒರೆಸಲು ಬಟ್ಟೆ, ಅಂಟಿಸಲು ಸ್ಟಿಕರ್, ಜೀವಮಾನವಿಡೀ ಗ್ಯಾರಂಟಿ ಅಂತ ಬರೆದ ಚೀಟಿ. ಅಲಗಿನ ಬುಡದಲ್ಲಿ ಉಕ್ಕಿನ ಕುಲಗೋತ್ರವನ್ನು ಲೇಸರ್‌ನಲ್ಲಿ ಕೊರೆದಿರುತ್ತಾರೆ. ಇದನ್ನೆಲ್ಲ ನೋಡಿ ಹಿಗ್ಗಿ, ಒಂದು ಮಾಗಿದ ಟೊಮೆಟೊ ತಂದು, ಅದರ ಮೇಲೆ ಅಲಗಿಟ್ಟು ಎಳೆದರೆ ಟೊಮೆಟೊ ಸ್ವಲ್ಪ ತಗ್ಗುತ್ತದೆ. ಚಾಕು ದಾಟಿಹೋದ ಮೇಲೆ ಮತ್ತೆ ಎದ್ದು ಕೂರುತ್ತದೆ. ಸಿಪ್ಪೆಯ ಮೇಲೆ ಗೀರೂ ಇಲ್ಲ.

ಎಲ್ಲ ಚಾಕುವೂ ಹೀಗೇ ಅಂತಲ್ಲ. ಎಲ್ಲವೂ ಮೊಂಡಾಗಿದ್ದರೆ ಯಾರೂ ಕೊಳ್ಳುತ್ತಿರಲಿಲ್ಲ, ರಗಳೆಯೇ ಇರುತ್ತಿರಲಿಲ್ಲ. ಒಂದೇ ಮಾಡೆಲ್, ಒಂದೇ ಬೆಲೆ, ಒಂದೇ ಕಾರ್ಖಾನೆಯ ಎರಡು ಚಾಕು. ಒಂದು ಮುಂಗೈ ಕೂದಲನ್ನು ನುಣ್ಣಗೆ ಬೋಳಿಸುತ್ತದೆ. ಇನ್ನೊಂದು ಕಾಗದವನ್ನು ಹರಿಯುತ್ತದೆ. ಹರಿಯಲು ಚಾಕು ಯಾಕೆ, ಬೆರಳು ಸಾಕಲ್ವಾ ಅಂತ ಕೇಳಬೇಡಿ. ಬೆರಳಿಗೆ ಗ್ಯಾರಂಟಿ ಚೀಟಿ ಇಲ್ಲ.

ಈ ಮಾತನ್ನು ಚಾಕು ಪಂಡಿತರ ಮುಂದೆ ಎತ್ತಿದರೆ ಅವರಿಗೆ ನಗು. "ಫ್ಯಾಕ್ಟರಿ ಅಂಚು ನೋಡಿ ಚಾಕು ಅಳೀತಾರೇನ್ರೀ? ಅದು ಬರೀ ಶುರು. ಆಮೇಲೆ ನಿಮ್ಮ ಕೈಗೆ ಒಗ್ಗೋ ಹಾಗೆ ನೀವೇ ಮಸ್ಕೋಬೇಕು" ಅನ್ನುತ್ತಾರೆ. ಹೋಟೆಲಿನವನು ಅರ್ಧ ಬೆಂದ ಅನ್ನ ಬಡಿಸಿ, "ಮನೇಲಿ ಹೇಗೂ ಸ್ಟವ್ ಇದ್ಯಲ್ಲ ಸಾರ್" ಅಂದರೆ ನಾವು ಬಿಲ್ ಕೊಟ್ಟು ಬರುತ್ತೇವಾ? ಚಾಕು ಲೋಕದಲ್ಲಿ ಕೊಟ್ಟು ಬರುತ್ತಾರೆ. ಟಿಪ್ಸನ್ನೂ ಇಡುತ್ತಾರೆ.

ಹಾಗಾದರೆ ತಪಾಸಣೆಯೇ ಇಲ್ಲವಾ? ಇದೆ, ಭರ್ಜರಿಯಾಗಿಯೇ ಇದೆ. ಅದಕ್ಕೆ ಕ್ವಾಲಿಟಿ ಕಂಟ್ರೋಲ್ ಅಂತ ಹೆಸರು. ಅದರಲ್ಲಿ ಅತಿ ಮುಖ್ಯವಾದದ್ದು ಸೆಂಟರಿಂಗ್. ಚಾಕುವನ್ನು ಮಡಚಿ, ಬೆನ್ನು ಕೆಳಗೆ ಮಾಡಿ, ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ಹಿಡಿಯ ಎರಡು ಪಟ್ಟಿಗಳ ನಡುವೆ ಅಲಗು ಸರಿಯಾಗಿ ಮಧ್ಯದಲ್ಲಿ ಮಲಗಿದೆಯಾ ಅಂತ ಟಾರ್ಚ್ ಬಿಟ್ಟು ನೋಡಬೇಕು. ಕೂದಲೆಳೆಯಷ್ಟು ಎಡಕ್ಕೆ ವಾಲಿದ್ದರೂ ಕೊಂಡವನಿಗೆ ಅನ್ನ ಸೇರುವುದಿಲ್ಲ. ಫೋಟೊ ತೆಗೆದು ಕಂಪನಿಗೆ ಕಳಿಸುತ್ತಾನೆ. ಗಮನಿಸಿ, ಇದು ಚಾಕು ಮಡಚಿದಾಗಿನ ಸಮಸ್ಯೆ. ಮಡಚಿದ ಚಾಕು ಏನನ್ನೂ ಕತ್ತರಿಸುವುದಿಲ್ಲ. ಎಡಕ್ಕೆ ವಾಲಿದರೂ ಅಷ್ಟೆ, ನಡುವೆ ನಿಂತರೂ ಅಷ್ಟೆ.

ಎರಡನೆಯದು ಆ್ಯಕ್ಷನ್. ಲಾಕ್ ಬಿಟ್ಟ ತಕ್ಷಣ ಅಲಗು ತನ್ನ ಭಾರಕ್ಕೆ ತಾನೇ ಕೆಳಗೆ ಬಿದ್ದು ಮಡಚಿಕೊಳ್ಳಬೇಕು. ಬೀಳದಿದ್ದರೆ ಸ್ಕ್ರೂ ಸಡಿಲ ಮಾಡಬೇಕು, ಸಡಿಲ ಮಾಡಿದರೆ ಅಲಗು ಅಲ್ಲಾಡುತ್ತದೆ, ಬಿಗಿ ಮಾಡಿದರೆ ಬೀಳುವುದಿಲ್ಲ. ಇದನ್ನು ಸರಿಪಡಿಸಲು ಬಿಚ್ಚಿದರೆ ಕೆಲವು ಕಂಪನಿಗಳ ಗ್ಯಾರಂಟಿ ಹೋಗುತ್ತದೆ. ಸಂಜೆ ಟೀವಿ ಮುಂದೆ ಕೂತು ಟಕ್ ಟಕ್ ಅಂತ ನೂರು ಸಲ ತೆಗೆದು ಮುಚ್ಚಿ ಪರೀಕ್ಷೆ ಮಾಡುವವರಿದ್ದಾರೆ. ಹೆಂಡತಿ "ಸೇಬು ಹೆಚ್ಚಿಕೊಡ್ರೀ" ಅಂದರೆ ಅಡುಗೆಮನೆಯ ಚಾಕುವನ್ನೇ ತರುತ್ತಾರೆ.

ಇನ್ನು ಉಕ್ಕಿನ ವಿಷಯ. ಇಲ್ಲಿ ನಿಜವಾಗಿಯೂ ಕೈ ಮುಗಿಯಬೇಕು. 2001ರಲ್ಲಿ ಅಮೆರಿಕದ ಕ್ರೂಸಿಬಲ್ ಅನ್ನುವ ಕಂಪನಿ ಎಸ್30ವಿ ಅನ್ನುವ ಉಕ್ಕನ್ನು ಚಾಕುಗಳಿಗೆಂದೇ ತಯಾರಿಸಿತು. ಕರಗಿದ ಲೋಹವನ್ನು ಗಾಳಿಯಂಥ ಅನಿಲದ ಹೊಡೆತಕ್ಕೆ ಒಡ್ಡಿ ಪುಡಿ ಮಾಡುತ್ತಾರೆ. ಆ ಪುಡಿಯನ್ನು ಶಾಖದಲ್ಲಿ ಒತ್ತಿ ಮತ್ತೆ ಗಟ್ಟಿ ಮಾಡುತ್ತಾರೆ. ಇದರಿಂದ ಒಳಗಿನ ಗಡುಸು ಕಣಗಳು ಚಿಕ್ಕದಾಗಿ, ಸಮನಾಗಿ ಹರಡಿಕೊಳ್ಳುತ್ತವೆ. 2021ರಲ್ಲಿ ಲ್ಯಾರಿನ್ ಥಾಮಸ್ ಅನ್ನುವ ಲೋಹತಜ್ಞ ಮ್ಯಾಗ್ನಾಕಟ್ ಅನ್ನುವ ಉಕ್ಕನ್ನು ತಂದರು. ತುಕ್ಕು ಹಿಡಿಯುವುದು ಕಡಿಮೆ, ಬೇಗ ಚಕ್ಕೆ ಏಳುವುದಿಲ್ಲ, ಹರಿತವೂ ನಿಲ್ಲುತ್ತದೆ. ಇಂಥದ್ದನ್ನು ಲೆಕ್ಕ ಹಾಕಿ ಸಾಧಿಸುವುದು ಸಣ್ಣ ಕೆಲಸವಲ್ಲ. ರಾಕ್‌ವೆಲ್ ಅನ್ನುವ ಅಳತೆಯಲ್ಲಿ ಗಡಸುತನ 60 ಇರಬೇಕಾ, 61 ಇರಬೇಕಾ ಅಂತ ಗಂಡಸರು ಮಾತು ಬಿಟ್ಟುಕೊಳ್ಳುವಷ್ಟು ಚರ್ಚೆ ನಡೆಯುತ್ತದೆ.

ಆಮೇಲೆ ಏನಾಗುತ್ತದೆ? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಪೂಜಾರಿ ಅಂದರೆ ಕೊನೆಯ ಬೆಲ್ಟ್. ಉಕ್ಕನ್ನು ಕರಗಿಸಿ, ಪುಡಿ ಮಾಡಿ, ಒತ್ತಿ, ಹಾಳೆ ಮಾಡಿ, ಲೇಸರ್‌ನಲ್ಲಿ ಕತ್ತರಿಸಿ, ಕುಲುಮೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿ ತಂದ ಅಲಗಿಗೆ ಎಷ್ಟೋ ಕಡೆ ಅಂಚು ಕಟ್ಟುವುದು ಒಬ್ಬ ಮನುಷ್ಯ, ಓಡುತ್ತಿರುವ, ಮರಳು ಕಾಗದದಂಥ ಒಂದು ಬೆಲ್ಟಿನ ಮುಂದೆ ನಿಂತು, ಕೈಯಂದಾಜಿನಲ್ಲಿ. ಬಲಕ್ಕೆ ಎರಡೆಳೆತ, ಎಡಕ್ಕೆ ಎರಡೆಳೆತ, ಮುಂದಿನದು ಕೊಡಿ. ಅವನ ಪಕ್ಕದಲ್ಲಿ ಬುಟ್ಟಿ ತುಂಬ ಅಲಗುಗಳು ಕಾಯುತ್ತಿರುತ್ತವೆ. ಅವನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಕೊಟ್ಟಿರುವುದು ಕೆಲವೇ ಸೆಕೆಂಡು.

ಆ ಸೆಕೆಂಡುಗಳಲ್ಲಿ ಎರಡು ಅನಾಹುತ ಆಗಬಹುದು. ಮೊದಲನೆಯದು ಶಾಖ. ಇಂಥ ಉಕ್ಕನ್ನು ಸಾಮಾನ್ಯವಾಗಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದ ಮಾಡಿರುತ್ತಾರೆ. ಅಂಚಿನ ತುದಿ ಎಷ್ಟು ತೆಳು ಅಂದರೆ, ನೀರಿಲ್ಲದೆ ಉಜ್ಜಿದಾಗ ಹುಟ್ಟುವ ಬಿಸಿಯನ್ನು ಎಳೆದುಕೊಳ್ಳಲು ಅಲ್ಲಿ ಲೋಹವೇ ಇರುವುದಿಲ್ಲ. ಹದ ಕೆಟ್ಟು ತುದಿ ಮೆತ್ತಗಾಗುತ್ತದೆ. ಅಂದರೆ 61 ಅಂತ ಜಂಬ ಕೊಚ್ಚಿಕೊಂಡ ಅಲಗು ಎಲ್ಲ ಕಡೆ 61 ಇರುತ್ತದೆ, ಕತ್ತರಿಸುವ ಜಾಗ ಒಂದನ್ನು ಬಿಟ್ಟು. ಎರಡನೆಯದು ಬರ್. ಒಂದು ಬದಿ ಉಜ್ಜಿದಾಗ ಲೋಹದ ಸಣ್ಣ ಎಳೆಯೊಂದು ಇನ್ನೊಂದು ಬದಿಗೆ ಮಗುಚಿ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅಂಚಿನಿಂದ ಆಚೆಗೆ ಉಗುರನ್ನು ಮೆಲ್ಲಗೆ ಸವರಿದರೆ ಒಂದು ಬದಿಯಲ್ಲಿ ಮಾತ್ರ ತಡೆಯುತ್ತದೆ. ಈ ಎಳೆ ಮೊದಲ ದಿನ ಕಾಗದವನ್ನು ಸರ್ರಂತ ಸೀಳಿ, ಕೊಂಡವನ ಕಣ್ಣಲ್ಲಿ ನೀರು ತರಿಸುತ್ತದೆ. ಒಂದು ರಟ್ಟಿನ ಡಬ್ಬ ಕುಯ್ದರೆ ಮಡಚಿಕೊಂಡು ಬೀಳುತ್ತದೆ. ಆಗಲೂ ಕಣ್ಣಲ್ಲಿ ನೀರು.

ಪಂಡಿತರ ಬಳಿ ಇದಕ್ಕೂ ಸಮಾಧಾನ ಉಂಟು. "ಎರಡು ಮೂರು ಸಲ ಮಸೆಯಿರಿ, ಆಮೇಲೆ ಅಸಲಿ ಉಕ್ಕು ಹೊರಗೆ ಬರುತ್ತೆ." ಮಾತು ಸುಳ್ಳಲ್ಲ. ಸುಟ್ಟ ತುದಿ ಸವೆದ ಮೇಲೆ ಒಳಗಿನ ಒಳ್ಳೆಯ ಲೋಹ ಸಿಗುತ್ತದೆ. ಅಂದರೆ ಕೊಟ್ಟ ದುಡ್ಡಿಗೆ ತಕ್ಕ ಚಾಕು ಒಳಗೆಲ್ಲೋ ಇದೆ, ಅಗೆದು ತೆಗೆಯುವ ಕೂಲಿ ನಮ್ಮದು. ಅಗೆಯಲು ಡೈಮಂಡ್ ಕಲ್ಲು ಬೇಕು, ಕೋನ ತಪ್ಪದಂತೆ ಹಿಡಿಯುವ ಸ್ಟ್ಯಾಂಡ್ ಬೇಕು, ಕೊನೆಗೆ ಸವರಲು ಚರ್ಮದ ಪಟ್ಟಿ ಬೇಕು, ಅದಕ್ಕೆ ಹಚ್ಚಲು ಲೇಪ ಬೇಕು. ಎಲ್ಲವೂ ಅದೇ ಅಂಗಡಿಯಲ್ಲಿ, ಚಾಕುವಿನ ಪಕ್ಕದ ಕಪಾಟಿನಲ್ಲೇ ಇರುತ್ತವೆ. ಒಂದು ಪ್ಲಾಸ್ಟಿಕ್ ಎಳೆ ತುಂಡಾಗಲು ಎಷ್ಟು ಗ್ರಾಂ ಒತ್ತಡ ಬೇಕು ಅಂತ ತೂಗಿ ಹೇಳುವ ಯಂತ್ರವೂ ಸಿಗುತ್ತದೆ. ಕಂಪನಿ ಮಾಡಬೇಕಾದ ತಪಾಸಣೆಯನ್ನು ಗಿರಾಕಿ ಸ್ವಂತ ಖರ್ಚಿನಲ್ಲಿ ಮಾಡಿ, ಅದಕ್ಕೆ ಹವ್ಯಾಸ ಅಂತ ಹೆಸರಿಟ್ಟುಕೊಳ್ಳುತ್ತಾನೆ.

ಹರಿತವನ್ನು ಅಳೆಯಲು ಆಗುವುದಿಲ್ಲ ಅಂತೇನೂ ಅಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕ್ಯಾಟ್ರಾ ಅನ್ನುವ ಸಂಶೋಧನಾ ಸಂಸ್ಥೆ ಇದೆ. ಚಾಕುವನ್ನು ಅಂಚು ಮೇಲಾಗಿ ಬಿಗಿದು, ಮರಳಿನಂಥ ಸಿಲಿಕಾ ಬೆರೆಸಿದ ಕಾರ್ಡುಗಳ ಕಟ್ಟನ್ನು ಅದರ ಮೇಲೆ ಒತ್ತಿ ಹಿಂದೆ ಮುಂದೆ ಆಡಿಸುವ ಯಂತ್ರ ಅಲ್ಲಿಯದು. ಎಷ್ಟು ಮಿಲಿಮೀಟರ್ ಕುಯ್ದಿತು ಅಂತ ಲೆಕ್ಕ ಬರುತ್ತದೆ. ಅಡುಗೆ ಕೆಲಸದ ಚಾಕುಗಳಿಗೆ ಐಎಸ್‌ಒ 8442-5 ಅನ್ನುವ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಜೇಬಿನ ಚಾಕು ಮಾರುವವರೂ ಕ್ಯಾಟ್ರಾ ಅಂಕಿಗಳನ್ನು ಭಕ್ತಿಯಿಂದ ಹೇಳುತ್ತಾರೆ. ಆದರೆ ಅದು ಉಕ್ಕಿನ ಅಂಕಿ. ಒಂದೇ ಕೋನಕ್ಕೆ ಜೋಪಾನವಾಗಿ ಮಸೆದ ಮಾದರಿ ಅಲಗಿಗೆ ಸಿಕ್ಕ ಮಾರ್ಕು. ನಿಮ್ಮ ಪೆಟ್ಟಿಗೆಯಲ್ಲಿ ಬಂದಿರುವ ಚಾಕು ಆ ಪರೀಕ್ಷೆಗೆ ಕೂತಿರುವುದಿಲ್ಲ. ಅವನ ಅಣ್ಣ ಪಾಸಾಗಿದ್ದಾನೆ, ಅಷ್ಟೆ.

ಸರಿ, ತಡೆಯಲಾರದೆ ಕಂಪನಿಗೆ ಬರೆದಿರಿ ಅಂತಿಟ್ಟುಕೊಳ್ಳಿ. ಅಂಚಿನ ಪಟ್ಟಿ ಒಂದು ಬದಿ ಅಗಲ, ಇನ್ನೊಂದು ಬದಿ ಸಪೂರ, ಬುಡದ ಹತ್ತಿರ ನಾಲ್ಕು ಮಿಲಿಮೀಟರ್ ಬೆಲ್ಟ್ ಮುಟ್ಟಿಯೇ ಇಲ್ಲ, ಮೊನೆ ಉರುಟಾಗಿದೆ. ಬಹಳ ವಿನಯದ ಉತ್ತರ ಬರುತ್ತದೆ. "ಮಾನ್ಯ ಗ್ರಾಹಕರೇ, ಚಿತ್ರಗಳನ್ನು ನೋಡಿದೆವು. ನಿಮ್ಮ ಚಾಕು ನಮ್ಮ ಮಿತಿಯೊಳಗೇ ಇದೆ." ಮಿತಿ ಎಷ್ಟು ಅಂತ ಕೇಳಿದರೆ ಅದು ವ್ಯಾಪಾರದ ಗುಟ್ಟು. ಬೇಕಿದ್ದರೆ ಕಳಿಸಿ, ಜೀವಮಾನವಿಡೀ ಪುಕ್ಕಟೆಯಾಗಿ ಹರಿತ ಮಾಡಿಕೊಡುತ್ತೇವೆ, ಅಂಚೆ ಖರ್ಚು ನಿಮ್ಮದು. ಕಳಿಸಿದ ಚಾಕು ಎಲ್ಲಿಗೆ ಹೋಗುತ್ತದೆ? ಅದೇ ಬೆಲ್ಟಿಗೆ. ಈ ಸಲ ಎಡಬದಿ ಅಗಲವಾಗುತ್ತದೆ.

ಇದರ ನಡುವೆ ಕೆಲವರು ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡಿದ್ದಾರೆ, ಅದನ್ನೂ ಹೇಳಬೇಕು. ಫ್ರಾನ್ಸಿನ ಸವಾಯ್ ಸೀಮೆಯ ಓಪಿನೆಲ್ 1890ರಿಂದ ರೈತರ ಜೇಬಿನ ಚಾಕು. ಮರದ ಹಿಡಿ, ತೆಳು ಅಲಗು, ತಿರುಗಿಸಿದರೆ ಬೀಗವಾಗುವ ಒಂದು ಬಳೆ. ಬೇರಿಂಗ್ ಇಲ್ಲ, ಟೈಟಾನಿಯಂ ಇಲ್ಲ. ಮಳೆಗೆ ಮರ ಉಬ್ಬಿದರೆ ಅಲಗು ತೆರೆಯುವುದೇ ಇಲ್ಲ. ಆಗ ಹಿಡಿಯ ತುದಿಯನ್ನು ಮೇಜಿಗೆ ಟಪ್ಪಂತ ಕುಟ್ಟುತ್ತಾರೆ, ಅಲಗಿನ ಬೆನ್ನು ಹೊರಗೆ ಇಣುಕುತ್ತದೆ. ಇದಕ್ಕೆ ಆ್ಯಕ್ಷನ್ ಅಂತ ಯಾರೂ ಕರೆದಿಲ್ಲ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಉಕ್ಕು ಪಂಡಿತರ ಲೆಕ್ಕದಲ್ಲಿ ಬಲು ಮೆತ್ತಗೆ, ರಾಕ್‌ವೆಲ್ 56ರ ಆಸುಪಾಸು. ಆದರೆ ಅದರ ಅಲಗು ತೆಳು, ಟೊಮೆಟೊ ಅದನ್ನು ಕಂಡರೆ ಹೆದರುತ್ತದೆ. ನಮ್ಮ ಬೀದಿಗೆ ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು "ಸಾಣೇ..." ಅಂತ ಕೂಗುತ್ತ ಬರುವವನೂ ಮಸೆದ ಮೇಲೆ ಹೆಬ್ಬೆರಳಿನ ಉಗುರಿನ ಮೇಲೆ ಅಲಗಿಟ್ಟು ನೋಡಿಯೇ ಕೈಗೆ ಕೊಡುತ್ತಾನೆ. ಜಾರಿದರೆ ಮತ್ತೆ ಪೆಡಲ್ ತುಳಿಯುತ್ತಾನೆ. ಮನೆಯಾಕೆ ಒಳಗೆ ಹೋಗಿ ಬೆಂಡೆಕಾಯಿ ಕುಯ್ದು ನೋಡಿ ಬಂದ ಮೇಲೆಯೇ ದುಡ್ಡು. ಇಡೀ ಕ್ವಾಲಿಟಿ ಕಂಟ್ರೋಲ್ ಅಲ್ಲೇ ಗೇಟಿನ ಬಳಿ ಮುಗಿಯುತ್ತದೆ.

ಅಂದಹಾಗೆ ಆ 250 ಡಾಲರ್ ಚಾಕು ಕತ್ತರಿಸುವುದಾದರೂ ಏನನ್ನು? ಹೆಚ್ಚಾಗಿ ರಟ್ಟಿನ ಡಬ್ಬಗಳನ್ನು. ಡಬ್ಬದೊಳಗೆ ಇನ್ನೊಂದು ಚಾಕು ಇರುತ್ತದೆ. ವಿಮಾನದಲ್ಲಿ ಕೈಚೀಲಕ್ಕೆ ಹಾಕುವಂತಿಲ್ಲ. ಬ್ರಿಟನ್ನಿನಲ್ಲಿ ಸಕಾರಣ ಇಲ್ಲದೆ ಹೊರಗೆ ಒಯ್ಯಬೇಕಾದರೆ ಅಲಗಿನ ಅಂಚು ಮೂರಂಗುಲ ಮೀರುವಂತಿಲ್ಲ, ಲಾಕ್ ಇರುವಂತಿಲ್ಲ.

ಇಂಥ ಕಾನೂನುಗಳಿಂದ ಬೇಸತ್ತೋ ಏನೋ, 2024ರಲ್ಲಿ ವಿಕ್ಟೋರಿನಾಕ್ಸ್ ಅಲಗೇ ಇಲ್ಲದ ಜೇಬುಸಾಧನಗಳನ್ನು ತಯಾರಿಸುವ ಪ್ರಯತ್ನದಲ್ಲಿದ್ದೇವೆ ಅಂತ ಹೇಳಿತು. ದುಬಾರಿ ಚಾಕು ಮಾಡುವವರು ಇದನ್ನು ಗಮನವಿಟ್ಟು ನೋಡಬೇಕು. ಅಲಗೇ ಇಲ್ಲದ ಮೇಲೆ ಬೆಲ್ಟ್ ಬೇಡ, ಬರ್ ಏಳುವುದಿಲ್ಲ, ತುದಿ ಸುಡುವುದಿಲ್ಲ, ಸೆಂಟರಿಂಗ್ ತಕರಾರು ಶಾಶ್ವತವಾಗಿ ಬಂದ್. ಹೊರಟ ಮಾಲೆಲ್ಲ ಮಿತಿಯೊಳಗೇ. ಬೆಲೆ ಮಾತ್ರ 300 ಡಾಲರ್ ಇಡಬಹುದು, ಪಂಡಿತರು ಕೊಳ್ಳುತ್ತಾರೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಅವರು ಕೇಳುವುದು ಒಂದೇ ಪ್ರಶ್ನೆ: ಇಲ್ಲದ ಅಲಗು ಎಸ್30ವಿಯದಾ, ಮ್ಯಾಗ್ನಾಕಟ್‌ನದಾ?