ರಾಜಾದಿತ್ಯನನ್ನು ಕೊಂದವರ ಕಡೆಯ ಕಥೆ

ತಮಿಳುನಾಡಿನ ವೀರಾಣಂ ಕೆರೆಯ ಏರಿ ಮೇಲೆ ಕಾರು ನಿಲ್ಲಿಸಿದ ಡ್ರೈವರ್ ಹಿಂದಕ್ಕೆ ತಿರುಗಿ ಕೇಳಿದರು. "ಸಾರ್, ನೀವು ಕರ್ನಾಟಕದವರಲ್ವಾ? ಈ ಕೆರೆ ತೋಡಿಸಿದ ಚೋಳ ಯುವರಾಜ ರಾಜಾದಿತ್ಯರನ್ನ ತಕ್ಕೋಲದ ಯುದ್ಧದಲ್ಲಿ ಕೊಂದಿದ್ದು ನಿಮ್ಮ ಕಡೆಯವರೇ. ನಿಮ್ಮೂರಲ್ಲಿ ಆ ಕಥೆ ಹೇಗೆ ಹೇಳ್ತಾರೆ?"

ದನಿಯಲ್ಲಿ ಜಗಳ ಇರಲಿಲ್ಲ. ನಿಜವಾದ ಕುತೂಹಲ ಇತ್ತು. ಚೆನ್ನೈಯಲ್ಲಿ ನಾನು ಕನ್ನಡದವನು ಅಂತ ಗೊತ್ತಾದ ತಕ್ಷಣ ಜನ ಕೇಳುವುದು ಕಾವೇರಿ ನೀರಿನ ಬಗ್ಗೆ, ಇಲ್ಲವೇ ಬೆಂಗಳೂರಿನ ಟ್ರಾಫಿಕ್ ಬಗ್ಗೆ. ಹತ್ತನೇ ಶತಮಾನದ ಒಂದು ಯುದ್ಧದ ಬಗ್ಗೆ ಕೇಳಿದವರು ಇವರೊಬ್ಬರೇ. ಖುಷಿಯಾಯಿತು. ಆಮೇಲೆ ಒಳಗೆ ಏನೋ ಚುಚ್ಚಿತು. ಯಾಕೆಂದರೆ ನನ್ನ ಹತ್ತಿರ ಇಸವಿ ಇತ್ತು, ರಾಜರ ಹೆಸರಿತ್ತು. ಕಥೆ ಇರಲಿಲ್ಲ.

ಆ ಡ್ರೈವರ್ ಇತಿಹಾಸ ಓದಿದವರಲ್ಲ. ಅವರಿಗೆ ಇದೆಲ್ಲ ಬಂದಿದ್ದು 'ಪೊನ್ನಿಯಿನ್ ಸೆಲ್ವನ್' ಎಂಬ ತಮಿಳು ಕಾದಂಬರಿಯಿಂದ. ತಮಿಳರ ಆಡಿ ತಿಂಗಳ ಹದಿನೆಂಟರ ಹಬ್ಬದ ದಿನ ವಂದಿಯತ್ತೇವನ್ ಎಂಬ ಹುಡುಗ ಕುದುರೆ ಏರಿ ಇದೇ ಕೆರೆಯ ದಂಡೆ ಮೇಲೆ ಬರುವುದರಿಂದ ಆ ಕಾದಂಬರಿ ಶುರುವಾಗುತ್ತದೆ. ಉತ್ತರದಿಂದ ರಾಷ್ಟ್ರಕೂಟರ ದಂಡು ಬರುತ್ತದೆಂದು ಕಾಯುತ್ತಾ ಬೀಡುಬಿಟ್ಟಿದ್ದ ರಾಜಾದಿತ್ಯ, ಸೈನಿಕರು ಸುಮ್ನೆ ಕೂರುವುದು ಬೇಡ ಅಂತ ಅವರ ಕೈಯಲ್ಲೇ ಈ ಕೆರೆ ತೋಡಿಸಿದ ಎಂದು ಕಾದಂಬರಿ ಹೇಳುತ್ತದೆ. ಕೆರೆಗೆ ಅಪ್ಪ ಪರಾಂತಕನ ಬಿರುದು, ವೀರನಾರಾಯಣ. ಈಗ ಚೆನ್ನೈಯ ನಲ್ಲಿಗಳಲ್ಲಿ ಬರುವ ನೀರಿನಲ್ಲಿ ಒಂದು ಪಾಲು ಈ ಕೆರೆಯದು.

ತಮಿಳು ಲೇಖಕ ಕಲ್ಕಿ ಈ ಕಾದಂಬರಿಯನ್ನು ತಮ್ಮ ಪತ್ರಿಕೆಯಲ್ಲಿ 1950ರಿಂದ 1954ರವರೆಗೆ ವಾರವಾರವೂ ಬರೆದರು. ಐದು ಭಾಗ. ಪ್ರೀತಿ ಇದೆ, ಸಂಚು ಇದೆ, ಸಮುದ್ರ ದಾಟುವುದಿದೆ, ಸುರಂಗ ಇದೆ, ಜೋತಿಷಿ ಇದ್ದಾನೆ, ರಾಜಮನೆತನಕ್ಕೆ ಸಾವು ತರುತ್ತದೆಂದು ಎಲ್ಲರೂ ಹೆದರುವ ಧೂಮಕೇತುವಿದೆ. ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯ ಮಾಮಿ ಹತ್ತಿರ ಪತ್ರಿಕೆಯ ಹಾಳೆಗಳನ್ನೇ ಕತ್ತರಿಸಿ ಹೊಲಿಸಿದ ಹಳೆಯ ಬೈಂಡುಗಳಿವೆ. ಮಣಿಯಂ ಬರೆದ ಚಿತ್ರಗಳು ಅದರಲ್ಲಿವೆ. ಕಾದಂಬರಿಯ ಚೋಳ ರಾಜಕುಮಾರಿ ಕುಂದವೈಯ ತುರುಬು, ಅವಳ ಎದುರಾಳಿ ನಂದಿನಿಯ ತುರುಬು ಬೇರೆಬೇರೆ ಎಂದು ಅವರು ನನಗೆ ಬೆರಳಿಟ್ಟು ತೋರಿಸಿದ್ದಾರೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಚೋಳ ರಾಜಕುಮಾರ ಆದಿತ್ತ ಕರಿಕಾಲನನ್ನು ಕೊಂದವರು ಯಾರು ಅಂತ ವಾದ ಹತ್ತಿದರೆ ಮೀಟಿಂಗಿಗೆ ತಡವಾಗುತ್ತದೆ. ಕಲ್ಕಿ ಅದನ್ನು ಬೇಕೆಂದೇ ಬಿಡಿಸದೆ ಬಿಟ್ಟಿದ್ದಾರೆ. ವೀರಾಣಂ ಪಕ್ಕದಲ್ಲೇ ಇರುವ ಕಾಟ್ಟುಮನ್ನಾರ್‌ಕೋಯಿಲಿನ ಒಂದು ಶಿವಾಲಯದಲ್ಲಿ ರಾಜರಾಜನ ಕಾಲದ ಶಾಸನವಿದೆ. ಕರಿಕಾಲನ ಕೊಲೆಯ ದ್ರೋಹಿಗಳ ಹೆಸರು ಅದರಲ್ಲಿದೆ. ಸೋಮನ್, ರವಿದಾಸನ್, ಪರಮೇಶ್ವರನ್. ರವಿದಾಸನ್ ಕಾದಂಬರಿಯಲ್ಲೂ ಬರುತ್ತಾನೆ. ಹಾಗಾಗಿ ಕಾದಂಬರಿ ಓದಿದವರು ಹೋಗಿ ಆ ಗೋಡೆಯ ಮುಂದೆ ನಿಲ್ಲುತ್ತಾರೆ. ಮಕ್ಕಳನ್ನೂ ನಿಲ್ಲಿಸುತ್ತಾರೆ. ಶಾಸನ ಓದಲು ಬರುವುದಿಲ್ಲ, ಆದರೂ ಅದರ ಮೇಲೆ ಕೈಯಾಡಿಸುತ್ತಾರೆ. ಒಂದು ಕಾದಂಬರಿ ಜನರನ್ನು ಕಲ್ಲಿನವರೆಗೂ ಕರೆದುಕೊಂಡು ಹೋಗಿದೆ.

ನಮ್ಮ ಕಡೆ ಕಲ್ಲಿದೆ. ಅದೂ ಇದೇ ಯುದ್ಧದ ಕಲ್ಲು!

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಈ ಶಾಸನ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ತಕ್ಕೋಲಂ ಯುದ್ಧ ನಡೆದದ್ದು 949ರಲ್ಲಿ. ರಾಷ್ಟ್ರಕೂಟರ ಮೂರನೇ ಕೃಷ್ಣ ಒಂದು ಕಡೆ, ಚೋಳರ ಯುವರಾಜ ರಾಜಾದಿತ್ಯ ಇನ್ನೊಂದು ಕಡೆ. ಕೃಷ್ಣನ ಜೊತೆ ನಮ್ಮ ಗಂಗರ ಬೂತುಗ. ಆನೆಯ ಮೇಲಿನ ಅಂಬಾರಿಯನ್ನೇ ರಣಕಳ ಮಾಡಿಕೊಂಡು ಬೂತುಗ ಕತ್ತಿಯಿಂದ ಇರಿದು ರಾಜಾದಿತ್ಯನನ್ನು ಕೊಂದ ಎನ್ನುತ್ತದೆ ನಮ್ಮ ಕಲ್ಲು. ಚೋಳರ ತಾಮ್ರಪಟ ಹೇಳುವುದು ಬೇರೆ. ಆನೆಯ ಮೇಲೆ ಕೂತಿದ್ದವನ ಎದೆಗೆ ಬಾಣ ನಾಟಿತು ಎನ್ನುತ್ತದೆ ಅದು. ಒಂದೇ ಸಾವು, ಎರಡು ಸಾಕ್ಷಿ. ನಿಗೂಢ ಕಾದಂಬರಿ ಬರೆಯುವವರಿಗೆ ಇದಕ್ಕಿಂತ ಏನು ಬೇಕು?

ಆ ಕಲ್ಲಿನಲ್ಲಿ ಇನ್ನೂ ಇದೆ. ಬೂತುಗನ ಬಂಟ ಮಣಲೇರ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಒಡೆಯ ಮೆಚ್ಚಿ ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಬೆಳ್ತೂರಿನ ಬೆಟ್ಟದ ಹತ್ತಿರ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿ, ನಾಯಿ ಎರಡೂ ಕಾದಾಡಿ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡಬೇಕಾದ ಗೊರವ ಮಾಡದೆ ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ ಬರಲಿ ಎಂದು ಬರೆಸಿದರು. ಕಲ್ಲಿನ ಮೇಲೆ ನಾಯಿ, ಹಂದಿ ಕಾದಾಡುವ ಚಿತ್ರ ಇವತ್ತಿಗೂ ಕಾಣುತ್ತದೆ.

ಬೂತುಗನ ಮನೆಯ ಕಥೆಯೂ ಕಡಿಮೆಯದಲ್ಲ. ಅವನು ಸಿಂಹಾಸನ ಏರಿದ್ದು ಅಣ್ಣ ರಾಚಮಲ್ಲನನ್ನು ಕೊಂದು. ಅವನ ಹೆಂಡತಿ ರೇವಕನಿಮ್ಮಡಿ ಕೃಷ್ಣನ ಅಕ್ಕ. ಬಳುವಳಿಯಾಗಿ ಪುಲಿಗೆರೆ, ಬೆಳ್ವೊಲದಂಥ ನಾಡುಗಳೇ ಬಂದವು. ಅವನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತುಕೊಂಡು ಮೂವತ್ತು ವರ್ಷ ತಪಸ್ಸು ಮಾಡಿದಳು ಅನ್ನುತ್ತದೆ ಕಡೂರಿನ ಶಾಸನ. ತಮ್ಮ ಅಣ್ಣನನ್ನೇ ಕೊಂದ ಮನೆಯಲ್ಲಿ ಈ ಹೆಣ್ಣುಮಗಳು ಏನು ಕಂಡಳು, ಯಾಕೆ ಎಲ್ಲ ಬಿಟ್ಟಳು? ಶಾಸನ ಅದನ್ನು ಹೇಳುವುದಿಲ್ಲ. ಕಾದಂಬರಿಕಾರ ಕೈ ಹಾಕಬೇಕಾದ್ದೇ ಅಲ್ಲಿ. ಇತ್ತ ತಮಿಳುನಾಡಿನ ಶಾಸನಗಳಲ್ಲೇ ಕೃಷ್ಣನಿಗೆ ಕಚ್ಚಿಯನ್ನೂ (ಕಂಚಿ) ತಂಜೈಯನ್ನೂ (ತಂಜಾವೂರು) ಗೆದ್ದ ಕನ್ನರದೇವ ಎಂಬ ಬಿರುದಿದೆ. ಅವನ ಆಸ್ಥಾನದಲ್ಲಿ ಪೊನ್ನ ಕವಿಯಿದ್ದ. ಇಷ್ಟೆಲ್ಲ ಒಂದೇ ತಲೆಮಾರಿನಲ್ಲಿ ನಡೆದಿದೆ. ನಾನು ಶಾಲೆಯಲ್ಲಿ ಇದನ್ನು ಓದಿದ್ದು ಹೀಗೆ: ತಕ್ಕೋಲಂ ಕದನ ಯಾವಾಗ ನಡೆಯಿತು, ಒಂದು ಅಂಕ.

ದೆವ್ವಭೂತದ ವಿಷಯಕ್ಕೆ ಬಂದರೆ ನನಗೆ ಇನ್ನೂ ಜಾಸ್ತಿ ಹೊಟ್ಟೆ ಉರಿಯುತ್ತದೆ. ಕಲ್ಕಿಯ ಕಾದಂಬರಿಯಲ್ಲಿ ಕೋಡಿಕ್ಕರೈ ಎಂಬ ಕಡಲಂಚಿನ ಊರು ಬರುತ್ತದೆ. ಅಲ್ಲಿ ದೋಣಿ ಹುಟ್ಟು ಹಾಕುವ ಪೂಂಗುಳಲಿ ಎಂಬ ಹುಡುಗಿ, ರಾತ್ರಿ ವಂದಿಯತ್ತೇವನನ್ನು ಕರೆದುಕೊಂಡು ಹೋಗಿ ನನ್ನ ಪ್ರೇಮಿಗಳನ್ನು ನೋಡು ಅಂತ ಕೊಳ್ಳಿದೆವ್ವಗಳನ್ನು ತೋರಿಸುತ್ತಾಳೆ. ಕತ್ತಲಲ್ಲಿ ಜೌಗು ನೆಲದಿಂದ ಭಗ್ಗನೆ ಬೆಂಕಿ ಏಳುತ್ತದೆ, ಆರುತ್ತದೆ. ಕೆಸರಿನ ಅಡಿಯಲ್ಲಿ ಹುಟ್ಟುವ ಅನಿಲದಿಂದ ಹೀಗಾಗುತ್ತದೆ ಅಂತ ಕಲ್ಕಿಯೇ ಬಿಡಿಸಿ ಹೇಳುತ್ತಾರೆ. ಆದರೆ ಮೊದಲು ಹೆದರಿಸುತ್ತಾರೆ. ಆ ಹುಡುಗಿ ಯಾಕೆ ಮನುಷ್ಯರಿಗಿಂತ ದೆವ್ವಗಳೇ ವಾಸಿ ಅನ್ನುತ್ತಾಳೆ ಅನ್ನುವುದು ನಮ್ಮ ಎದೆಗೆ ತಾಕುತ್ತದೆ. ವಿಜ್ಞಾನ ಬಂದರೂ ಆ ಭಯ, ಆ ದುಃಖ ಹೋಗುವುದಿಲ್ಲ.

ನಮ್ಮ ತಲಕಾಡನ್ನು ನೆನೆಸಿಕೊಳ್ಳಿ. ಗಂಗರ ರಾಜಧಾನಿ. ಚೋಳರು ಗೆದ್ದು ರಾಜರಾಜಪುರ ಮಾಡಿದರು. ವಿಷ್ಣುವರ್ಧನ ಅದನ್ನು ಮತ್ತೆ ಗೆದ್ದು ತಲಕಾಡುಗೊಂಡ ಎನ್ನಿಸಿಕೊಂಡ, ಕೀರ್ತಿನಾರಾಯಣ ಗುಡಿ ಕಟ್ಟಿಸಿದ. ಆಮೇಲೆ 1610ರ ಹೊತ್ತಿಗೆ ಶ್ರೀರಂಗಪಟ್ಟಣ ರಾಜ ಒಡೆಯರ ಕೈಗೆ ಬಂತು, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಒಡವೆ ಕಟ್ಟಿಕೊಂಡು ಮಾಲಂಗಿ ಮಡುವಿಗೆ ಹಾರಿದಳು. ಅವಳ ಶಾಪ ನಮ್ಮ ಕಡೆ ಮಗುವಿಗೂ ಬಾಯಿಪಾಠ. ಊರು ಮರಳಿನಲ್ಲಿ ಹೂತುಹೋಗಿದ್ದು ಕಣ್ಣೆದುರೇ ಇದೆ, ಗುಡಿಗಳನ್ನು ಅಗೆದು ತೆಗೆದಿದ್ದಾರೆ. ನದಿಗೆ ಅಡ್ಡ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದ ಮರಳು ಮೇಲೆದ್ದು ಗಾಳಿಗೆ ಹಾರಿಬಂತು ಎನ್ನುವ ವಿವರಣೆಯೂ ಇದೆ. ಅಂದರೆ ಹೆದರಿಸಲು ಶಾಪವಿದೆ, ಬಿಡಿಸಲು ವಿಜ್ಞಾನವಿದೆ, ನಡುವೆ ಒಬ್ಬ ಹೆಣ್ಣಿನ ಕಡುನೋವಿದೆ. ಆದರೆ ಕಳೆದ ಸಲ ರಜೆಗೆ ಬಂದಾಗ ಅಲ್ಲಿ ಕೇಳಿದ್ದೇನು? ಗೈಡ್ ಎರಡು ನಿಮಿಷದಲ್ಲಿ ಶಾಪ ಒಪ್ಪಿಸಿದರು. ಜೊತೆಗಿದ್ದ ನಮ್ಮ ಮಾವನವರು ಇದೆಲ್ಲ ಸುಳ್ಳು, ಮರಳು ಗಾಳಿಯದು ಅಂದರು. ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ನಂಬುವವರು ಒಂದು ಕಡೆ, ನಂಬದವರು ಒಂದು ಕಡೆ. ಎರಡರ ನಡುವೆ ನಿಂತು ಮೈ ಜುಮ್ಮೆನ್ನಿಸಿಕೊಳ್ಳುವ ಸುಖ ನಮಗೆ ಯಾಕೆ ಬೇಡವಾಯಿತೋ.

ನನ್ನ ಪ್ರಕಾರ ನಾವು ಇತಿಹಾಸದ ಮುಂದೆ ಜಾಸ್ತಿ ಕೈಕಟ್ಟಿ ನಿಲ್ಲುತ್ತೇವೆ. ಓದಿದವರ ಮನೆಗಳಲ್ಲಿ ಸಾಹಸ, ಪ್ರೇಮ, ಮಾಯಮಂತ್ರ ಇರುವ ಕಾದಂಬರಿ ಅಂದರೆ ಹೊತ್ತು ಕಳೆಯುವ ಪುಸ್ತಕ. ದೊಡ್ಡ ಕಾದಂಬರಿ ಅಂದರೆ ತತ್ವ ಇರಬೇಕು, ಸಮಾಜ ಇರಬೇಕು. ಊರಲ್ಲಿ ನನ್ನ ಓರಗೆಯವರನ್ನು ಪುಲಕೇಶಿಯ ಮೇಲೋ ಕೆಳದಿ ಚೆನ್ನಮ್ಮನ ಮೇಲೋ ಯಾವ ಕಾದಂಬರಿ ಓದಿದ್ದೀರಿ ಅಂತ ಕೇಳಿದರೆ ಮಾತು ಸಿನಿಮಾಕ್ಕೆ ಹೊರಳುತ್ತದೆ. ಔರಂಗಜೇಬನ ದಂಡು ಬೆನ್ನಟ್ಟಿದ ಶಿವಾಜಿಯ ಮಗ ರಾಜಾರಾಮನಿಗೆ ಚೆನ್ನಮ್ಮ ದಾರಿ ಮಾಡಿಕೊಟ್ಟ ಆ ಮಲೆನಾಡಿನ ರಾತ್ರಿಗಳನ್ನು ಊಹಿಸಿಕೊಳ್ಳಿ. ಅಷ್ಟು ಸಾಕು ಐನೂರು ಪುಟಕ್ಕೆ.

ಮೊದಲು ಹೀಗಿರಲಿಲ್ಲ ಅನ್ನುವುದು ಇನ್ನೂ ಬೇಜಾರು. ಗಳಗನಾಥರು 1923ರಲ್ಲೇ 'ಮಾಧವ ಕರುಣಾ ವಿಲಾಸ' ಬರೆದು ವಿಜಯನಗರ ಹುಟ್ಟಿದ ಕಥೆ ಹೇಳಿದರು. ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದ ಕಾದಂಬರಿ ಓದುಗರು ಹುಟ್ಟಿದ್ದೇ ಇಂಥ ಕಥೆಗಳಿಂದ.

ಇನ್ನು ತ.ರಾ.ಸು. ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಚಿತ್ರದುರ್ಗದ ಮೇಲೆ ಅವರು ಕಾದಂಬರಿಯ ಮೇಲೆ ಕಾದಂಬರಿ ಬರೆದರು. 'ರಕ್ತರಾತ್ರಿ'ಯ ದಳವಾಯಿ ಮುದ್ದಣ್ಣನ ಸಂಚು ಓದಿದ ರಾತ್ರಿ ನಿದ್ದೆ ಬರುವುದಿಲ್ಲ. 1982ರ 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದುರ್ಗದ ಕೋಟೆಯಲ್ಲಿ ಆ ಪುಸ್ತಕ ಹಿಡಿದು ಓಡಾಡುವವರನ್ನು ನಾನೇ ನೋಡಿದ್ದೇನೆ. ಹಾಗಾಗಿ ನಮಗೆ ಆ ಗುಣವೇ ಇಲ್ಲ ಅನ್ನಲಾರೆ. ಒಂದು ಊರಿಗೆ ಸಿಕ್ಕಿದ್ದು ಉಳಿದ ಊರುಗಳಿಗೂ ಸಿಗಬೇಕು ಅನ್ನುವುದು ನನ್ನ ಆಸೆ. ಈಚೆಗೆ ಕೆ.ಎನ್. ಗಣೇಶಯ್ಯನವರು ಶಾಸನ, ಶಿಲ್ಪ, ನಿಧಿ ಹಿಡಿದು ಬರೆಯುವ ರೋಚಕ ಕಾದಂಬರಿಗಳಿಗೆ ಹುಡುಗರು ಮುಗಿಬೀಳುತ್ತಾರೆ. ಅವರು ಕೃಷಿ ವಿಜ್ಞಾನಿ. ಸಾಹಿತ್ಯದ ಮನೆಯ ಹೊರಗಿನಿಂದ ಬಂದವರೇ ಈ ಬಾಗಿಲು ತೆಗೆಯಬೇಕಾಯಿತು.

ತಮಿಳರ ಕಡೆ ಎಲ್ಲವೂ ಸರಿ ಅಂತಲೂ ಅಲ್ಲ. ಅವರ ಅಕ್ಕರೆಗೆ ಸರ್ಕಾರದ ಕೈಯೂ ಸೇರಿದೆ. ಕಲ್ಕಿಯ ಕೃತಿಗಳನ್ನು 1999ರಲ್ಲಿ ರಾಷ್ಟ್ರೀಕರಣ ಮಾಡಿದ ಮೇಲೆ ಯಾರು ಬೇಕಾದರೂ ಅಚ್ಚು ಹಾಕಬಹುದಾಯಿತು, ಅಗ್ಗದ ಪ್ರತಿಗಳು ಪ್ಲಾಟ್‌ಫಾರ್ಮಿಗೂ ಬಂದವು. ಇನ್ನೊಂದು, ಕಾದಂಬರಿಯನ್ನೇ ಇತಿಹಾಸ ಅಂದುಕೊಂಡವರು ಇಲ್ಲಿ ಬೇಕಾದಷ್ಟಿದ್ದಾರೆ. ನಂದಿನಿ ಕಲ್ಕಿಯ ಕಲ್ಪನೆ ಅಂದರೆ ನನ್ನ ಸಹೋದ್ಯೋಗಿಯೊಬ್ಬರು ಮುಖ ಸಣ್ಣ ಮಾಡಿಕೊಂಡರು. ಕಾದಂಬರಿಯಲ್ಲಿ ಚೋಳರ ಮನೆಯವರು ಬಹುತೇಕ ಒಳ್ಳೆಯವರು, ಸಂಚು ಮಾಡುವವರು ಪಾಂಡ್ಯರ ಕಡೆಯವರು. ಮಧುರೈ ಕಡೆಯ ಗೆಳೆಯನೊಬ್ಬ ಇದೇ ಕಾರಣಕ್ಕೆ ಆ ಪುಸ್ತಕವನ್ನು ಅರ್ಧಕ್ಕೇ ಬಿಟ್ಟಿದ್ದಾನೆ.

ಮಾಸ್ತಿಯವರು 'ಚಿಕವೀರ ರಾಜೇಂದ್ರ'ದಲ್ಲಿ ಮಾಡಿದ್ದನ್ನು ನಾನು ಇಲ್ಲಿ ಕಂಡಿಲ್ಲ. ಕೊಡಗಿನ ಕೊನೆಯ ಅರಸನ ಕುಡಿತ, ಕ್ರೌರ್ಯ, ಹೆದರಿಕೆ ಯಾವುದನ್ನೂ ಮುಚ್ಚದೆ, ರಾಜ್ಯ ಕೈಬಿಟ್ಟುಹೋಗಿದ್ದು ಹೇಗೆ ಅಂತ ಕೂತು ಹೇಳಿದರು. ನಮ್ಮವನು ಅಂತ ಹೊಗಳಲಿಲ್ಲ. ಅಂಥ ಕಣ್ಣು ಇರುವ ಭಾಷೆ ಬೂತುಗನನ್ನು ಬರೆದರೆ, ಅಣ್ಣನನ್ನು ಕೊಂದ ಪಾಪವನ್ನೂ ಬರೆಯುತ್ತದೆ. ಅಂಬಾರಿಯ ಮೇಲಿನ ಆ ಇರಿತ ಶೌರ್ಯವೋ ಮೋಸವೋ ಎಂದೂ ಕೇಳುತ್ತದೆ. ಈ ವಿಷಯದಲ್ಲಿ ಕನ್ನಡವೇ ಮುಂದೆ ಎಂದು ಮಾಮಿಯ ಮುಂದೆ ಒಪ್ಪಿಕೊಳ್ಳಲು ನನಗೆ ಕಷ್ಟವಿಲ್ಲ. ಊರಿನವರ ಮುಂದೆ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ, ಮತ್ತೆ ಇನ್ನೈವತ್ತು ವರ್ಷ ಸುಮ್ಮನೆ ಕೂತುಬಿಟ್ಟರೆ ಎಂಬ ಭಯ.

ತಕ್ಕೋಲಂ ಚೆನ್ನೈಯಿಂದ ದೂರವಿಲ್ಲ. ಅರಕ್ಕೋಣಂವರೆಗೆ ಲೋಕಲ್ ಟ್ರೇನ್ ಇದೆ, ಅಲ್ಲಿಂದ ಸ್ವಲ್ಪ ದೂರ. ಬೂತುಗನ ಕಥೆ ಬರೆಯುವ ಕನ್ನಡದವರು ಯಾರಾದರೂ ಈ ಕಡೆ ಬಂದರೆ ಜೊತೆಗೆ ನಾನು ಬರುತ್ತೇನೆ. ಊಟ, ವಸತಿ ನಮ್ಮ ಮನೆಯಲ್ಲೇ.