ಸತ್ಯಾಂಶ: ಎಸಿ 16ಕ್ಕೆ ಇಟ್ಟರೆ ಕೋಣೆ ಬೇಗ ತಂಪಾಗುತ್ತಾ?

ಏಪ್ರಿಲ್ ಬಂತೆಂದರೆ ಕಾರವಾರದ ವಾಟ್ಸಾಪ್ ಗುಂಪುಗಳಲ್ಲಿ ಈ ಸಂದೇಶ ಓಡಾಡುತ್ತದೆ: ‘ಎಸಿ 16ಕ್ಕೆ ಇಡಿ, ಕೋಣೆ ಬೇಗ ತಂಪಾಗುತ್ತದೆ, ಬಿಲ್ಲೂ ಉಳಿಯುತ್ತದೆ.’ ಎರಡೂ ಸರಿಯಲ್ಲ.

ರಿಮೋಟಿನಲ್ಲಿ ಕಾಣುವ ಅಂಕಿ ಕೋಣೆ ಎಷ್ಟು ಡಿಗ್ರಿಗೆ ಇಳಿದಾಗ ನಿಲ್ಲಬೇಕು ಅನ್ನುವುದನ್ನು ಹೇಳುತ್ತದೆ, ಅಷ್ಟೇ. ಹಳೆ ಮಾದರಿಯ ಎಸಿಯಲ್ಲಿ ಕಂಪ್ರೆಸರ್ ಓಡಿದರೆ ಪೂರ್ತಿ ಓಡುತ್ತದೆ, ಇಲ್ಲವೇ ನಿಲ್ಲುತ್ತದೆ. 16 ಇಟ್ಟರೂ 24 ಇಟ್ಟರೂ ವೇಗ ಒಂದೇ. ಬೇಕಾದಷ್ಟೇ ವೇಗದಲ್ಲಿ ಓಡುವ ಇನ್ವರ್ಟರ್ ಎಸಿ ಕೂಡ ಕೋಣೆ ಕಾದಿದ್ದರೆ 24ರಲ್ಲೇ ಜೋರಾಗಿ ಶುರುವಾಗುತ್ತದೆ. 16ಕ್ಕೆ ಇಟ್ಟು ಮಲಗಿದರೆ ಮಾತ್ರ ರಾತ್ರಿಯಿಡೀ ಸುಮ್ನೆ ಓಡುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ. 2020ರಿಂದ ಹೊಸ ಎಸಿಗಳು 24ರಲ್ಲೇ ಶುರುವಾಗಬೇಕು ಎಂಬ ನಿಯಮವೂ ಇದೆ.

ಇನ್ನೊಂದು ಮಾತು. ಘಟ್ಟದ ಮೇಲಿನ ಶಿರಸಿಯವರಿಗಿಂತ ನಮಗೆ ಸೆಕೆ ಜಾಸ್ತಿ ಅಲ್ವಾ? ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ. ಎಸಿಯೊಳಗಿನ ತಣ್ಣನೆ ಕೊಳವೆ ಸುರುಳಿಗೆ (ಕಾಯಿಲ್) ಈ ತೇವ ತಾಗಿ ನೀರಾಗುತ್ತದೆ. ಹಿತ್ತಲ ಗೋಡೆಯ ಪೈಪಿನಿಂದ ಬಕೆಟಿಗೆ ತೊಟ್ಟಿಕ್ಕುವುದು ಅದೇ. ತೇವ ಇಳಿದರೆ 26ರಲ್ಲೂ ಅಂಗಿ ಮೈಗೆ ಅಂಟುವುದಿಲ್ಲ, ಜೊತೆಗೆ ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗಲಿ. ಮಳೆಗಾಲದ ಜಿಗುಟಿಗೆ ಮುಖ್ಯವಾಗಿ ತೇವ ತೆಗೆಯುವ ‘ಡ್ರೈ’ ಮೋಡ್ ಸಾಕಾಗುತ್ತದೆ.

ಕಿಟಕಿ ಸಂದು ಮುಚ್ಚಿ, ಫಿಲ್ಟರ್ ಆಗಾಗ ತೊಳೆಯಿರಿ. ಕಡಲ ಹತ್ತಿರದ ಮನೆಯಾದರೆ ಹೊರಗಿನ ಯೂನಿಟ್ಟಿಗೆ ಉಪ್ಪು ಗಾಳಿ ತುಕ್ಕು ಹಿಡಿಸುತ್ತದೆ. ಸರ್ವಿಸ್ ಮಾಡುವವರು ಬಂದಾಗ ಅದನ್ನೂ ಸಿಹಿನೀರಲ್ಲಿ ತೊಳೆಸಿ.